ವಕೀಲರು ಗಡಿಯಾರ ನಿಲ್ಲಿಸಿದ ದಿನ

ನನ್ನ ಮೊಮ್ಮಗಳು ವಕೀಲಳಾದಳು! ಬೆಳಿಗ್ಗೆ ಫಲಿತಾಂಶ ಬಂತು. "ಅಜ್ಜೀ, ಐ ಪಾಸ್ಡ್!" ಎಂದು ಕೂಗುತ್ತಾ ಬಂದು, ಅವಳಪ್ಪ ಕೊಡಿಸಿದ ಹೊಸ ಚರ್ಮದ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಈ ಸಂತೋಷವನ್ನು ಎಲ್ಲಿ ತುಂಬಿಟ್ಟುಕೊಳ್ಳಲಿ! ಆ ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ತಡ, ಕಡಲು ದಾಟಿ ಬಂದು ನಾವು ನೆಲೆಸಿದ ಈ ಜಾರ್ಜ್‌ಟೌನ್‌ನ ಹಳೆಯ ವಕೀಲರು ಕಣ್ಣ ಮುಂದೆ ಬಂದು ನಿಂತರು...

ಎಪ್ಪತ್ತರ ದಶಕದ ಮಾತು. ವಕೀಲರು ಸಾವಿರದ ಎಂಟುನೂರ ತೊಂಬತ್ತರ ಸುಮಾರಿಗೆ ಹುಟ್ಟಿದ ಜೀವ. ಒಂದು ಕಾಲಕ್ಕೆ ರಾಜ್ಯದ ರಾಜಧಾನಿ ಆಸ್ಟಿನ್‌ನ ಶಾಸನಸಭೆಯಲ್ಲಿ ಕೂತು ಬಂದವರು. ನಾವು ಕಂಡಾಗ ಕೋರ್ಟಿನ ಎದುರಿಗೆ ಒಂದೇ ಕೋಣೆಯ ಆಫೀಸು, ಚರ್ಮದ ರಟ್ಟಿನ ಪುಸ್ತಕಗಳು, ಗೋಡೆಯ ಮೇಲೊಂದು ಲೋಲಕದ ಗಡಿಯಾರ.

ಮನೆ ಕೊಳ್ಳುವ ದಿನ ನಮ್ಮ ಯಜಮಾನರು ಅಲ್ಲಿಗೆ ಒಬ್ಬರೇ ಹೋಗಿ, ನನ್ನ ಸಹಿಯನ್ನೂ ತಾವೇ ಗೀಚಿಬಿಟ್ಟರು! ನಮ್ಮ ದೇಶದ ಊರಿನಲ್ಲಿ ಎಲ್ಲ ಕಾಗದಕ್ಕೂ ಹಾಗೇ ನಡೆದಿತ್ತು. ವಕೀಲರು ಅದನ್ನು ಹರಿದು ಹಾಕಿದರಂತೆ. ಮನೆಯ ಮೇಲೆ ಸಾಲ ತೆಗೆಯಲು ಇಲ್ಲಿ ಹೆಂಡತಿಯೂ ಸಹಿ ಹಾಕಲೇಬೇಕು. ಮಾರುವವನೋ ಹನ್ನೆರಡು ಗಂಟೆಯವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದ. ಆಮೇಲೆ ಮನೆ ಬೇರೆಯವರ ಪಾಲು.

ಇವರು ಏದುಸಿರು ಬಿಡುತ್ತಾ ಬಂದರು. "ಬೇಗ ಹೊರಡೇ, ನಿನ್ನ ಸಹಿ ಬೇಕಂತೆ!"

"ನಂದಾ? ಇಷ್ಟು ವರ್ಷ ಬೇಡವಾಗಿತ್ತಲ್ರೀ!" ಎಂದೆ, ದೋಸೆಹಿಟ್ಟಿನ ಕೈ ತೊಳೆಯುತ್ತ.

ತಲುಪಿದಾಗ ಹನ್ನೆರಡಕ್ಕೆ ಐದೇ ನಿಮಿಷ. ತೋರಿಸಿದ ಕಡೆ ಸಹಿ ಹಾಕಲು ಪೆನ್ನು ಹಿಡಿದೆ. ವಕೀಲರು ಕಾಗದದ ಮೇಲೆ ಅಂಗೈ ಇಟ್ಟು, "ಮೊದಲು ಈಯಮ್ಮನಿಗೆ ಎಲ್ಲ ಓದಿ ಹೇಳು" ಎಂದು ಇಂಗ್ಲಿಷಿನಲ್ಲಿ ಇವರನ್ನು ಗದರಿದರು. ಮಾರುವವನು ಹೊತ್ತಾಯಿತೆಂದು ಗೊಣಗಿದ. ವಕೀಲರು ಎದ್ದು ಹೋಗಿ, ಲೋಲಕ ಹಿಡಿದು, ಗಡಿಯಾರವನ್ನೇ ನಿಲ್ಲಿಸಿಬಿಟ್ಟರು!

"ಶಾಸನಸಭೆಯಲ್ಲಿ ಗಡುವಿನೊಳಗೆ ಕೆಲಸ ಮುಗೀದಿದ್ರೆ ನಾವು ಹೀಗೇ ಮಾಡ್ತಿದ್ವಿ. ಇಲ್ಲಿ ಇನ್ನೂ ಹನ್ನೆರಡಾಗಿಲ್ಲ, ಕೂತ್ಕೊಳಯ್ಯ."

ವಕೀಲರ ಮಾತಿಗೆ ಮಾರುವವನಿಗೂ ನಗು, ಇವರು ಅದನ್ನು ಕನ್ನಡದಲ್ಲಿ ಹೇಳಿದ್ದು ಕೇಳಿ ನನಗೂ ನಗು. ಅವನು ಕೂತ.

ಒಂದೊಂದು ಸಾಲನ್ನೂ ಕೇಳಿ, ತಿಳಿಯದ್ದನ್ನು ಎರಡು ಸಲ ಹೇಳಿಸಿಕೊಂಡು, ನನ್ನ ಹೆಸರನ್ನು ನಾನೇ ಬರೆದೆ. ವಕೀಲರು ಎದ್ದು ನಿಂತು ತಲೆಬಾಗಿದರು. ನನಗೆ!

ಗೃಹಪ್ರವೇಶಕ್ಕೆ ವಕೀಲರನ್ನೂ ಕರೆದಿದ್ದೆವು. ಎಲ್ಲರ ಹಾಗೆ ಕೈಯಲ್ಲೇ ಉಣ್ಣುತ್ತೇನೆ ಎಂದಿದ್ದರು... ವಾರ ಮೊದಲೇ ತೀರಿಹೋದರು. ಒಂದು ತುತ್ತು ಬಡಿಸಲಾಗಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಇವತ್ತು ಸಂಜೆ ಲಿಯಾಂಡರ್‌ನಿಂದ ಮಗ, ಸೊಸೆ ಬಂದರು. ಹ್ಯೂಸ್ಟನ್‌ನಿಂದ ಮಗಳು, ಅಳಿಯ, ಮಕ್ಕಳು. ಅಂದು ಕೊಂಡ ಅದೇ ಮನೆ. ಟೇಬಲ್ ಸಾಲದೆ ನೆಲದ ಮೇಲೆ ಸಾಲಾಗಿ ಕೂತೆವು. ನಮ್ಮ ಹೊಸ ವಕೀಲಳಿಗೆ ಮೊದಲ ಒಬ್ಬಟ್ಟು ಬಡಿಸಿ, ಮೇಲೆ ತುಪ್ಪ ಸುರಿದೆ. ಎಲ್ಲರೂ ಹೊಟ್ಟೆ ತುಂಬ ಉಂಡೆವು.