ಸರೋಜತ್ತೆ ಹೇಳಿದ ಕುಂಗ್‌ಫು ಪಿಕ್ಚರ್

ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎಡಗಾಲಿನ ಮೇಲೆ ನಿಂತು, ಬಲಗಾಲನ್ನು ಮೆಲ್ಲಗೆ ಮಡಿಸಿ ಮೇಲೆತ್ತಿ, ಕೊಕ್ಕರೆ ರೆಕ್ಕೆ ಬಿಚ್ಚಿದ ಹಾಗೆ ಸರೋಜತ್ತೆ ಎರಡೂ ಕೈ ಹರಡಿ ನಿಲ್ಲುತ್ತಿದ್ದರು. ಒಂದು ಕೈಯಲ್ಲಿ ಅಕ್ಕಿಯ ಮೊರ ಇರುತ್ತಿತ್ತು. ಅದರಿಂದ ಒಂದು ಕಾಳೂ ಚೆಲ್ಲುತ್ತಿರಲಿಲ್ಲ. "ಈಗ ಆ ಬಿಳೀ ಗಡ್ಡದೋನು ಬಂದ. ಬಂದೋನೇ ಏನ್ ಮಾಡ್ದ ಗೊತ್ತಾ?" ಎಂದು ನಮ್ಮನ್ನೆಲ್ಲ ಒಮ್ಮೆ ನೋಡಿ, ಕಥೆಯನ್ನು ಅಲ್ಲಿಗೇ ಬಿಟ್ಟು ಕಲ್ಲು ಆರಿಸಲು ಕೂತುಬಿಡುತ್ತಿದ್ದರು. ಆಮೇಲೆ ನಾವು ಎಷ್ಟು ಗೋಗರೆದರೂ ಕಡಿಮೆಯೇ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆ. ಅವರು ನನಗೆ ರಕ್ತಸಂಬಂಧದ ಅತ್ತೆಯೇನಲ್ಲ, ಆದರೆ ಸಾಲಿನ ಮಕ್ಕಳಿಗೆಲ್ಲ ಅವರು ಅತ್ತೆ, ಅವರ ಗಂಡ ರಂಗಪ್ಪ ಮಾವ. ಅವರಿಗೆ ಮಕ್ಕಳಿರಲಿಲ್ಲ. ಊರಿನ ಹೆಂಗಸರೆಲ್ಲ ಕಣ್ಣೀರು ಬರಿಸುವ ಸಂಸಾರದ ಸಿನಿಮಾಕ್ಕೆ ಹೋದರೆ ಈ ಮಹಾತಾಯಿ ಮಾತ್ರ ಭಾನುವಾರದ ಮ್ಯಾಟಿನಿಗೆ ಕುಂಗ್‌ಫು ಪಿಕ್ಚರ್ ನೋಡಲು ಹೋಗುತ್ತಿದ್ದರು. ಹುಚ್ಚು ಮೊದಲು ಇದ್ದದ್ದು ಮಾವನಿಗೆ. ಅವರು ಗರಡಿಯ ಪೈಲ್ವಾನರು, ಹೊಡೆದಾಟವಿಲ್ಲದ ಪಿಕ್ಚರ್ ಅವರಿಗೆ ಪಿಕ್ಚರೇ ಅಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಂದ ದೇಹ, ಟಾಕೀಸಿನಲ್ಲಿ ದೀಪ ಆರಿತೋ ಇಲ್ಲವೋ ಗೊರಕೆ. ಹಾಗಾಗಿ ನೋಡುವ ಕೆಲಸ ಅತ್ತೆಯ ಪಾಲಿಗೆ ಬಂತು. ವಾಪಸು ಬರುವಾಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಪೂರ್ತಿ ಕಥೆ ಒಪ್ಪಿಸಬೇಕು. "ಆಮೇಲೆ?" ಎಂದು ಮಾವ ಪೆಡಲ್ ತುಳಿಯುತ್ತಾ ಕೇಳುತ್ತಿದ್ದರು.

ಪಿಕ್ಚರಿನವರು ಆಡುವ ಭಾಷೆ ಚೀನಾದ್ದೋ ಇಂಗ್ಲಿಷೋ ಎಂಬುದೇ ಅತ್ತೆಗೆ ತಿಳಿಯುತ್ತಿರಲಿಲ್ಲ. ಹಾಗಾದರೆ ಕಥೆ ಹೇಗೆ ಗೊತ್ತಾಗುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. "ಬಾಯಿ ಯಾಕ್ ನೋಡ್ತೀಯ ಮಾರಾಯ್ತಿ? ಕಾಲು ನೋಡು. ಕೈಯಲ್ಲಿ ಎಷ್ಟ್ ಬೇಕಾದ್ರೂ ನಾಟಕ ಆಡ್ಬೋದು. ಹೆದ್ರಿದೋನ ಕಾಲು ಹಿಂದಕ್ಕೆ ಹೋಗುತ್ತೆ, ಮರ್ಯಾದೆ ಇರೋನ ಕಾಲು ನಿಂತಲ್ಲೇ ನಿಲ್ಲುತ್ತೆ," ಎಂದಿದ್ದರು. ಇಂದಿಗೂ ನಾನು ಹೊಸಬರ ಮುಖಕ್ಕಿಂತ ಮೊದಲು ಕಾಲನ್ನೇ ನೋಡುತ್ತೇನೆ. ಈ ಚಾಳಿಯಿಂದ ಒಂದೆರಡು ಕಡೆ ಬೈಸಿಕೊಂಡದ್ದೂ ಉಂಟು.

ಮಾವನ ಗರಡಿಯಲ್ಲಿ ಅವರಿಂದಲೇ ಕುಸ್ತಿ ಕಲಿತ ಚಂದ್ರು ಎಂಬ ಹುಡುಗನಿದ್ದ. ಹೊಳೆಹೊನ್ನೂರಿನವನು, ಮಣ್ಣಿಗಿಳಿದರೆ ಮೀನಿನ ಹಾಗೆ ಜಾರುತ್ತಿದ್ದ. ಅತ್ತೆಯ ಮನೆಯ ಊಟದಲ್ಲಿ ಅವನದೂ ಒಂದು ತಟ್ಟೆ ಇದ್ದೇ ಇರುತ್ತಿತ್ತು. ಮಾವ ತಮ್ಮ ಪಾಲಿನ ಮೊಟ್ಟೆಯನ್ನೂ ಆ ತಟ್ಟೆಗೆ ದಾಟಿಸುತ್ತಿದ್ದರು. ಮುಂದೆ ಅವನು ಶಿವಮೊಗ್ಗದ ಬೇರೊಂದು ಗರಡಿ ಸೇರಿಕೊಂಡ. ಆ ವರ್ಷದ ದೊಡ್ಡ ಕುಸ್ತಿಯಲ್ಲಿ ಗುರು ಶಿಷ್ಯರೇ ಎದುರುಬದುರಾಗಬೇಕಾಗಿ ಬಂತು. ಚಂದ್ರು ಮಾವನ ಬೆನ್ನನ್ನು ನೆಲಕ್ಕೆ ಹಚ್ಚಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಗದ್ದಲದಲ್ಲಿ ಅವನು ಗುರುವಿನ ಕಡೆ ತಿರುಗಿಯೂ ನೋಡಲಿಲ್ಲ ಎಂಬುದೇ ಮಾವನಿಗೆ ಸೋಲಿಗಿಂತ ದೊಡ್ಡ ಪೆಟ್ಟಾಯಿತು. ಮನೆಗೆ ಬಂದವರು ಮೈಯ ಮಣ್ಣನ್ನೂ ತೊಳೆಯದೆ ಗೋಡೆಗೆ ಮುಖ ಮಾಡಿ ಮಲಗಿದರು.

ಅದರ ಮುಂದಿನ ಭಾನುವಾರ ಬಂದದ್ದೇ ಆ ಬಿಳಿ ಗಡ್ಡದವನ ಪಿಕ್ಚರ್. ಮುದುಕ ಗುರು ಕೊನೆಯಲ್ಲಿ ತಾನು ಸಾಕಿ ಬೆಳೆಸಿದ ಶಿಷ್ಯನ ಕೈಯಲ್ಲೇ ಸೋಲುವ ಕಥೆ. ಅತ್ತೆ ನಮಗೆ ಇದನ್ನು ಎಷ್ಟೋ ಸಲ ಆಡಿ ತೋರಿಸಿದ್ದಾರೆ. ಗುರು ಬೀಳುತ್ತಾನೆ. ಮಾರನೆಯ ಬೆಳಿಗ್ಗೆ ಶಿಷ್ಯ ಓಡಿ ಬಂದು ಗುರುವಿನ ಮನೆಯಂಗಳದಲ್ಲಿ ಉದ್ದಂಡ ಬೀಳುತ್ತಾನೆ, ಗುರು ಅವನನ್ನು ಎತ್ತಿ ತಬ್ಬಿಕೊಳ್ಳುತ್ತಾನೆ. ಅಲ್ಲಿಗೆ ಬಂದಾಗ ಒಳಗಿನಿಂದ ಮಾವ, "ಬಂದ್ನಲ್ಲ, ಕೊನೆಗೂ ಬಂದ್ನಲ್ಲ," ಎನ್ನುತ್ತಿದ್ದರು.

ಆಮೇಲೆ ಮಾವನಿಗೆ ಸಂಜೆ ಜಗುಲಿಯ ಮೇಲೆ ಕೂತು ರಸ್ತೆಯ ತುದಿ ನೋಡುವ ಅಭ್ಯಾಸ ಬಿತ್ತು. ಬಸ್ಸಿಳಿದವರು ಆ ತುದಿಯಲ್ಲೇ ಕಾಣಿಸಿಕೊಳ್ಳುತ್ತಿದ್ದರು. ಯಾರಾದರೂ, "ನೀವೇ ಒಂದ್ಸಲ ಹೊಳೆಹೊನ್ನೂರಿಗೆ ಹೋಗ್ಬನ್ನಿ ಉಸ್ತಾದ್ರೆ," ಎಂದರೆ, "ಬರ್ತಾನೆ ಬಿಡ್ರೀ. ಬರೋದು ಅವನ ಧರ್ಮ," ಎಂದು ಮಾತು ಮುಗಿಸುತ್ತಿದ್ದರು. ಚಂದ್ರು ಬರಲಿಲ್ಲ. ಮಾವ ನಿವೃತ್ತರಾದರು, ಕ್ವಾರ್ಟರ್ಸ್ ಬಿಟ್ಟು ಅದೇ ಊರಿನಲ್ಲಿ ಸಣ್ಣ ಮನೆ ಮಾಡಿದರು, ಅಲ್ಲಿಯೂ ಜಗುಲಿಯ ಮೇಲೇ ಕೂತರು. ಅವರು ತೀರಿಕೊಂಡ ಸುದ್ದಿ ಚಂದ್ರುವಿಗೆ ಮುಟ್ಟಿತೋ ಇಲ್ಲವೋ ನಮಗೆ ತಿಳಿಯಲಿಲ್ಲ.

ನಾನು ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದು ವರ್ಷಗಳೇ ಆದವು. ಈಚೆಗೆ ಅದೇ ಪಿಕ್ಚರನ್ನು ಹೊಸದಾಗಿ ತೆಗೆದಿದ್ದಾರೆ, ಕನ್ನಡಕ್ಕೂ ಡಬ್ ಆಗಿದೆ ಎಂದು ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಅತ್ತೆ. ಫೋನ್ ಮಾಡಿದೆ. "ಅದೇ ಗಡ್ಡದೋನಾ? ಕನ್ನಡ ಮಾತಾಡ್ತಾನಾ?" ಎಂದವರು ಮರುದಿನವೇ ಬಸ್ಸು ಹತ್ತಿ ಬಂದರು. ವಯಸ್ಸಾಗಿತ್ತು, ಮಂಡಿ ಹಿಡಿದಿತ್ತು. ಥಿಯೇಟರ್ ಇದ್ದ ಮಾಲಿನ ಎಸ್ಕಲೇಟರ್ ಮುಂದೆ ನಿಂತು ಅದನ್ನೊಬ್ಬ ಎದುರಾಳಿಯ ಹಾಗೆ ಮೇಲಿನಿಂದ ಕೆಳಗಿನವರೆಗೆ ಅಳೆದು, "ಮೆಟ್ಲಲ್ಲೇ ಹೋಗೋಣ," ಎಂದರು.

ಹೊಸ ಪಿಕ್ಚರಿನಲ್ಲಿ ಎಲ್ಲರೂ ಹಾರುವವರೇ. ಗೋಡೆಯಿಂದ ಮರಕ್ಕೆ, ಮರದಿಂದ ಮಹಡಿಗೆ. "ಇವ್ರು ಭೂಮಿ ಮೇಲೆ ನಿಲ್ಲೋದೇ ಇಲ್ವಲ್ಲೇ, ನಾನು ಕಾಲು ಎಲ್ಲಿ ಅಂತ ನೋಡ್ಲಿ?" ಎಂದು ಅತ್ತೆ ಗೊಣಗಿದ್ದಕ್ಕೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಗುರು ಬಿದ್ದಾಗ ಮಾತ್ರ ಅವರು ಮುಂದಕ್ಕೆ ಬಾಗಿ ಕೂತರು. ಕೊನೆಗೆ ಬೆಳಗಾಯಿತು. ಕಿವಿ ಕಿತ್ತುಹೋಗುವ ಸಂಗೀತದ ನಡುವೆ ಶಿಷ್ಯ ಓಡೋಡಿ ಬಂದು ಗುರುವಿನ ಅಂಗಳದಲ್ಲಿ ಉದ್ದಂಡ ಬಿದ್ದ. ಥಿಯೇಟರ್ ತುಂಬ ಚಪ್ಪಾಳೆ, ಶಿಳ್ಳೆ.

"ಅತ್ತೆ, ಥೇಟ್ ನೀವು ಹೇಳಿದ್ ಹಾಗೇ ಇದೆ!" ಎಂದೆ.

ಅವರು ಏಳಲಿಲ್ಲ. ಜನರೆಲ್ಲ ಹೊರಟು, ಕಸ ಗುಡಿಸುವವರು ಒಳಗೆ ಬಂದರೂ ಏಳಲಿಲ್ಲ. ಆಮೇಲೆ, "ಇದು ಸುಳ್ಳು," ಎಂದರು. "ಹಳೇದ್ರಲ್ಲಿ ಹೀಗಿಲ್ಲ. ಹಳೇದ್ರಲ್ಲಿ ಬೆಳಿಗ್ಗೆ ಎದ್ದು ಆ ಮುದುಕನೇ ಹೋಗ್ತಾನೆ. ಶಿಷ್ಯನ ಮನೆ ಬಾಗ್ಲು ತಟ್ತಾನೆ. ಅವನು ಬಾಗ್ಲು ತೆಗೀತಾನೆ. ಇಬ್ರೂ ಕೂತ್ಕೊಂಡು ಟೀ ಕುಡೀತಾರೆ. ಅಷ್ಟೇ. ಒಂದ್ ಮಾತಿಲ್ಲ, ಮ್ಯೂಸಿಕ್ಕೂ ಇಲ್ಲ."

"ಮತ್ತೆ ನೀವು ನಮಗೆ..."

"ಅವತ್ತು ನಿಮ್ಮಾವ ನಿದ್ದೆ ಮಾಡಿರ್ಲಿಲ್ಲ ಕಣೆ. ಗುರು ಬೀಳ್ತಾನೆ ಅಂತ ಗೊತ್ತಾದ ಮೇಲೆ ಕಣ್ಣು ಮುಚ್ಕೊಂಡ್ಬಿಟ್ರು. ಸೈಕಲ್ ಮೇಲೆ, ಆಮೇಲೆ ಏನಾಯ್ತು ಅಂತ ಕೇಳಿದ್ರು. ಸೋತು ಸುಣ್ಣ ಆಗಿದ್ದ ಮನುಷ್ಯ. ಗುರುನೇ ಶಿಷ್ಯನ ಬಾಗ್ಲಿಗೆ ಹೋದ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಶಿಷ್ಯನೇ ಬಂದ ಅಂದ್ಬಿಟ್ಟೆ. ಅವ್ರು ಅದನ್ನೇ ನಂಬ್ಕೊಂಡು ಕೂತ್ರು." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಅವ್ರು ಹೋಗಿರೋರು. ಹೋಗೇ ಇರೋರು."

ಅಷ್ಟು ವರ್ಷ ನಾವು ಬಾಯಿ ಬಿಟ್ಟುಕೊಂಡು ಕೇಳಿದ ಆ ಕೊನೆ, ಒಬ್ಬ ಹೆಂಡತಿ ಸೋತ ಗಂಡನಿಗೆ ಹಚ್ಚಿದ ಮುಲಾಮು ಎಂದು ನನಗೆ ತಿಳಿದದ್ದು ಆಗಲೇ. ನೀರಿನ ಬಾಟಲಿಯನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಪಕ್ಕಕ್ಕೆ ಸರಿಸಿ ಕೇಳಿದರು, "ಹೊಳೆಹೊನ್ನೂರಿಗೆ ಕರ್ಕೊಂಡ್ ಹೋಗ್ತೀಯಾ?"

ಬಸ್ಸಿನಲ್ಲಿ ಕೂತರೆ ಒಂದು ಗಂಟೆಯೂ ಹಿಡಿಯದ ದಾರಿ. ಇಷ್ಟು ಹತ್ತಿರವಿದ್ದೂ ಯಾರೂ ಹೋಗಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಕುಸ್ತಿಯ ಚಂದ್ರಪ್ಪ ಎಂದರೆ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಗಿಲು ತೆರೆದೇ ಇದ್ದರೂ ಅತ್ತೆ ಹೊಸಿಲಾಚೆ ನಿಂತು ಬಾಗಿಲನ್ನು ತಟ್ಟಿದರು. ನರೆತ ಮೀಸೆಯ, ಹೊಟ್ಟೆ ಬಂದ ದೊಡ್ಡ ಆಳೊಬ್ಬ ಹೊರಗೆ ಬಂದ. ಒಂದು ಗಳಿಗೆ ನೋಡಿ, "ಅಕ್ಕಾ," ಎಂದು ಅಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಅತ್ತೆ ಒಳಗೆ ಕೂತು ಎಲ್ಲವನ್ನೂ ಹೇಳಿದರು. ತಮ್ಮ ತಪ್ಪನ್ನು ಕಿಂಚಿತ್ತೂ ಕಡಿಮೆ ಮಾಡಿ ಹೇಳಲಿಲ್ಲ. ಚಂದ್ರಪ್ಪ ತಲೆ ತಗ್ಗಿಸಿ ಕೇಳಿದ.

"ಆ ಪಿಕ್ಚರ್ ನಾನೂ ನೋಡಿದ್ದೆ ಅಕ್ಕ," ಎಂದ ಕೊನೆಗೆ. "ಶಿವಮೊಗ್ಗದಲ್ಲಿ. ಗೆದ್ದ ದಿನ ಅವರ ಮುಖ ನೋಡೋಕೆ ಧೈರ್ಯ ಸಾಲ್ಲಿಲ್ಲ, ತಿರುಗಿ ನೋಡ್ದೇ ಬಂದ್ಬಿಟ್ಟೆ. ಆಮೇಲೆ ನಿಮ್ಮನೆ ಮೆಟ್ಲು ಹತ್ತೋಕೆ ಕಾಲೇ ಬರ್ಲಿಲ್ಲ. ಪಿಕ್ಚರಲ್ಲಿ ಆ ಮುದುಕ ಬಾಗ್ಲು ತಟ್ಟಿದ್ದು ನೋಡಿ, ನಮ್ಮ ಉಸ್ತಾದ್ರೂ ಒಂದಿನ ಬಂದೇ ಬರ್ತಾರೆ ಅನ್ಕೊಂಡೆ. ಕಾಯ್ತಾನೇ ಇದ್ದೆ. ಹೋಗಿಬಿಟ್ರು ಅಂತ ತಿಂಗಳಾದ್ಮೇಲೆ ಯಾರೋ ಹೇಳಿದ್ರು. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ?"

ಆಮೇಲೆ ಚಂದ್ರಪ್ಪ ಎದ್ದು ಬಂದು, ಆ ದೊಡ್ಡ ಮೈಯನ್ನು ಕಷ್ಟಪಟ್ಟು ಬಗ್ಗಿಸಿ ಅತ್ತೆಯ ಕಾಲು ಮುಟ್ಟಲು ಹೋದ. ಅತ್ತೆ ತಟ್ಟನೆ ಅವನ ತೋಳು ಹಿಡಿದು ತಡೆದರು.

"ಬೇಡ ಚಂದ್ರು. ಅದು ಹೊಸ ಪಿಕ್ಚರು. ನೀನು ಇಲ್ಲಿ ಕೂತ್ಕೊ. ಕಾಫಿ ಕುಡಿಯೋಣ."

ಕುಡಿದರು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಅದಾಗಿ ವರ್ಷ ತುಂಬುವುದರೊಳಗೆ ಸರೋಜತ್ತೆ ಹೋಗಿಬಿಟ್ಟರು. ಅವರನ್ನು ಎತ್ತುವಾಗ ಮುಂದಿನ ಹೆಗಲು ಚಂದ್ರಪ್ಪನದೇ ಆಗಿತ್ತು. ಆ ಹೊಸ ಪಿಕ್ಚರ್ ಈಗ ಟಿವಿಯಲ್ಲಿ ಆಗಾಗ ಬರುತ್ತದೆ, ಬಂದಾಗಲೆಲ್ಲ ಹಳೆಯದು ಮೇಲೋ ಹೊಸದು ಮೇಲೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎದ್ದೇ ಏಳುತ್ತದೆ. ಹಳೆಯದನ್ನು ನಾನು ಇಂದಿಗೂ ನೋಡಿಲ್ಲ. ಆದರೂ ಅದೇ ಮೇಲು, ಅದರಲ್ಲಿ ಗುರುವೇ ಎದ್ದು ಹೋಗುತ್ತಾನೆ ಎನ್ನುತ್ತೇನೆ. ಹಾಗೆನ್ನುವಾಗ ಕ್ವಾರ್ಟರ್ಸಿನ ಆ ಜಗುಲಿ ಕಣ್ಣೆದುರು ಬರುತ್ತದೆ. ರಂಗಪ್ಪ ಮಾವ ರಸ್ತೆಯ ತುದಿಯನ್ನೇ ನೋಡುತ್ತಾ ಕೂತಿರುತ್ತಾರೆ. ಏಳಿ ಮಾವ, ನೀವೇ ಹೋಗಿ ಬನ್ನಿ ಎಂದು ಕೂಗಿ ಹೇಳಬೇಕೆನ್ನಿಸುತ್ತದೆ.