ಮ್ಯಾಲ ಬಂದವರ ಊಟ

ಹೊಟ್ಟೆ ಹಸಿದಿರಬೇಕು, ಬಿಸಿ ರೊಟ್ಟಿ ಎದುರಿಗಿರಬೇಕು, ಪುಂಡಿಪಲ್ಯದ ಘಮ ಮೂಗಿಗೆ ಬಡಿಯುತ್ತಿರಬೇಕು. ಆದರೂ ಕೈ ತೊಡೆಯ ಮೇಲೇ ಇರಬೇಕು. ಇದು ಯೋಗಿಗಳ ಸಾಧನೆ ಎಂದು ನೀವು ತಿಳಿದಿದ್ದರೆ ಯಾವುದಾದರೂ ಅಮಾವಾಸ್ಯೆಯ ಮಧ್ಯಾಹ್ನ ಭಾಲ್ಕಿಗೆ ಬನ್ನಿ. ಸಿದ್ರಾಮಪ್ಪ ಮೇಸ್ತ್ರಿಯವರ ಅಂಗಳದಲ್ಲಿ ನಾವೆಲ್ಲ ಸಾಲಾಗಿ ಹೀಗೇ ಕುಳಿತಿರುತ್ತೇವೆ. ನನ್ನಂಥ ಯೋಗಿಯ ಬಾಯಲ್ಲಿ ನೀರು ಸುರಿಯುತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ಹಿರಿಯರು ರಾಯಚೂರು ಸೀಮೆಯ ಚಿನ್ನದ ಗಣಿಯಲ್ಲಿ ದುಡಿದವರು. ಅಲ್ಲಿ ಪಾಳಿ ಮುಗಿದು ಜನ ಮೇಲೆ ಬಂದಾಗ ಮೇಸ್ತ್ರಿ ಗಣಿಯ ಬಾಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಹೆಸರು ಬಂದವನು "ಮ್ಯಾಲ ಬಂದೀನ್ರಿ!" ಎನ್ನಬೇಕು. ಕಡೆಯವನು ಓಗೊಡುವ ತನಕ ಗಣಿಕಾರರ ಬಸ್ತಿಯ ಯಾವ ಮನೆಯಲ್ಲೂ ರೊಟ್ಟಿ ಮುರಿಯುತ್ತಿರಲಿಲ್ಲ. ಆಮೇಲೆ ಗಣಿ ಮುಚ್ಚಿತು. ಸಾಹೇಬರು ಹಡಗು ಹತ್ತಿದರು, ಬಸ್ತಿಯ ತಗಡುಗಳು ಯಾರದೋ ದನದ ಕೊಟ್ಟಿಗೆ ಸೇರಿದವು, ನಮ್ಮವರು ಭಾಲ್ಕಿ, ಔರಾದ ಎಂದು ತಮ್ಮ ತಮ್ಮ ಊರಿಗೆ ಮರಳಿ ತೊಗರಿ ಬಿತ್ತತೊಡಗಿದರು. ಚಿನ್ನದ ಗಣಿಯಿಂದ ಬಂದವರ ಗಂಟಿನಲ್ಲಿ ಏನಿದೆಯೋ ನೋಡೋಣವೆಂದು ಊರೇ ನೆರೆದಿತ್ತಂತೆ. ಗಂಟಿನಲ್ಲಿದ್ದದ್ದು ಈ ಕೂಗೊಂದೇ.

ಬೀದರಿನಲ್ಲಿ ಹಳೆಯದನ್ನು ಉಳಿಸುವುದು ಸುಲಭ. ಸುಲ್ತಾನರು ಎಲ್ಲವನ್ನೂ ಕಲ್ಲಿನಲ್ಲಿ ಕಟ್ಟಿಟ್ಟು ಹೋಗಿದ್ದಾರೆ. ಸರ್ಕಾರ ಒಬ್ಬ ಕಾವಲುಗಾರನನ್ನು ಕೂರಿಸಿದರೆ ಸಾಕು. ಅವನು ನಿದ್ದೆ ಹೋದರೂ ಕೋಟೆ ಎದ್ದು ಹೋಗುವುದಿಲ್ಲ. ಆದರೆ ಕೂಗನ್ನು ಕಾಯುವುದು ಹೇಗೆ? ಅದಕ್ಕೆ ಗಂಟಲೇ ಬೇಕು.

ಆ ಗಂಟಲು ಗಣಿಯ ಬಾಯಲ್ಲಿ ಕೂಗುತ್ತಿದ್ದ ಸಿದ್ರಾಮಪ್ಪನವರದೇ, ನಮ್ಮ ಮೇಸ್ತ್ರಿ ಕಾಕಾನದು. ಅಮಾವಾಸ್ಯೆಗೊಮ್ಮೆ ಹಳೆಯ ಬಸ್ತಿಯವರೆಲ್ಲ ಅವರ ಅಂಗಳದಲ್ಲಿ ಉಣ್ಣಲು ಕೂಡಿದಾಗ, ಅವರು ಕೂಗಿ ಮುಗಿಸುವ ತನಕ ಯಾರೂ ರೊಟ್ಟಿ ಮುಟ್ಟುವಂತಿರಲಿಲ್ಲ. ಒಮ್ಮೆ ಮದುವೆಯ ಊಟದಲ್ಲೂ ಅವರು ಎದ್ದು ನಿಂತು ಹೆಸರು ಕೂಗಿದಾಗ ಔರಾದಿನ ಬೀಗರು ಸಿಟ್ಟಾಗಿದ್ದರು: "ಇದೇನ್ರಿ, ಕರೀಲಾರ್ದವ್ರು ಯಾರರ ಉಣ್ಲಾಕ ಕುಂತಾರಂತ ಹುಡುಕ್ಲತ್ತೀರೇನು?" ಅದೇ ಮನೆಯಿಂದ ಬಂದ ಸೊಸೆ, ಗಣಿಯಿರಲಿ, ನೆಲದಡಿಯ ಜೋಳದ ಹಗೇವಿನೊಳಗೂ ಇಣುಕಿ ನೋಡದವಳು, ಈಗ ಎಲ್ಲರಿಗಿಂತ ಜೋರಾಗಿ "ಮ್ಯಾಲ ಬಂದೀನ್ರಿ" ಎನ್ನುತ್ತಾಳೆ.

ನನ್ನ ಕಸುಬು ನಕಲು. ಕಸುಬೇನು, ಚಟ. ತಹಸೀಲ್ದಾರರ ಸೀನು, ಉಸ್ತಾದರ ಉರ್ದು ಬೈಗುಳ, ನಮ್ಮಪ್ಪ ಚಹಾ ಸುರಿಯುವ ಸದ್ದು, ಎಲ್ಲವೂ ನನ್ನ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಹೆಚ್ಚು ಗಿರಾಕಿ ಇದ್ದದ್ದು ಕಾಕಾನ ಕೂಗಿಗೆ. ಹೆಸರನ್ನು ಹಗ್ಗದಂತೆ ಆಳಕ್ಕೆ ಇಳಿಬಿಟ್ಟು, ನಡುವೆ ಒಮ್ಮೆ ಕೆಮ್ಮಿ, ಕಡೆಗೆ ಜಗ್ಗಿ ಮೇಲೆತ್ತುವ ಕೂಗು. ಕಾಕಾ ಊರಲ್ಲಿಲ್ಲದಾಗ ಮಾತ್ರ ಮಾಡುತ್ತಿದ್ದೆ. ಧೈರ್ಯಕ್ಕೂ ಒಂದು ಮಿತಿ ಬೇಡವೇ?

ಕಳೆದ ಚಳಿಗಾಲದಲ್ಲಿ ಕಾಕಾನ ದನಿ ಬಿದ್ದುಹೋಯಿತು. ಹಕೀಮರು ಕಷಾಯ ಕೊಟ್ಟು, ಬಾಯಿ ಬಿಡಕೂಡದೆಂದರು. ಅಮಾವಾಸ್ಯೆ ಬಂತು, ಜನ ಬಂದರು, ರೊಟ್ಟಿಯೂ ಬಂತು. ಕಾಕಾ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ಅವರ ಬದಲು ನಮ್ಮಪ್ಪ ಕೂಗಿ ನೋಡಿದ. ಅಡತಿಯಲ್ಲಿ ತೊಗರಿ ಹರಾಜು ಹಾಕಿದಂತಾಯಿತು. ಯಾರೂ ಓಗೊಡಲಿಲ್ಲ.

"ಇನ್ನ ಸಾಕ್ ಬಿಡ್ರಿ," ಎಂದ ಅಪ್ಪ. "ಗಣಿನೇ ಮುಚ್ಚೇದ. ಇವತ್ತಿಂದ ಸುಮ್ನ ಉಣ್ಣಮು."

ಯಾರ ಕೈಯೂ ಮುಂದೆ ಬರಲಿಲ್ಲ. ಕಾಕಾ ನೆಲ ನೋಡತೊಡಗಿದರು. ಗಣಿ ಮುಚ್ಚಿ ವರ್ಷಗಳಾಗಿದ್ದವು. ಈ ಅಂಗಳದಲ್ಲಿ ಉಳಿದಿದ್ದ ಬಸ್ತಿ ಮುಚ್ಚುವುದು ಇನ್ನೊಂದೇ ತುತ್ತಿನ ದೂರದಲ್ಲಿತ್ತು.

ಆಗ ಕಾಕಾನ ಹೆಂಡತಿ ಗುರಮ್ಮ ಕಾಕಿ ಕೈಯಲ್ಲಿದ್ದ ಸೌಟನ್ನು ನನ್ನತ್ತ ತಿರುಗಿಸಿದಳು.

"ಏ ಶಂಕ್ರ್ಯಾ, ಕಟ್ಟಿ ಮ್ಯಾಲ ಕುಂತು ನಮ್ಮ ಮನಿಯವರ ನಕಲಿ ಮಾಡ್ತಿ ಅಲ್ಲಾ, ಎದ್ದ ನಿಂತು ಮಾಡು ಈಗ."

"ಇಲ್ಲ ಕಾಕಿ, ನಾ ಎಲ್ಲಿ..."

"ಕೆಮ್ಮ ಸುದ್ದಾ ಮಾಡು. ಬಿಡಬ್ಯಾಡ."

ಎದ್ದು ನಿಂತೆ. ಮೊದಲ ಹೆಸರು ನಮ್ಮಪ್ಪನದೇ. ಹೆತ್ತ ತಂದೆಯನ್ನು ಹೆಸರು ಹಿಡಿದು ಕೂಗುವ ಭಾಗ್ಯ ಎಷ್ಟು ಮಕ್ಕಳಿಗುಂಟು? "ಬಸಪ್ಪಾ..." ಎಂದು ಇಳಿಬಿಟ್ಟು, ಕೆಮ್ಮಿ, ಮೇಲೆತ್ತಿದೆ. ಅಪ್ಪ ಕಣ್ಣು ಕೆಂಪಗೆ ಮಾಡಿದ. ಆದರೆ ಸಿಟ್ಟಿಗಿಂತ ರೂಢಿ ಮುಂದೆ ಓಡಿತು: "ಮ್ಯಾಲ ಬಂದೀನ್ರಿ!" ಮಗನಿಗೆ ‘ರಿ’ ಹಚ್ಚಿ ಮಾತಾಡಿದ್ದು ಅವನಿಗೆ ಹೊಳೆಯುವಷ್ಟರಲ್ಲಿ ಅಂಗಳವೆಲ್ಲ ನಗುತ್ತಿತ್ತು. ಆಮೇಲೆ ಹೆಸರ ಮೇಲೆ ಹೆಸರು, ಓ ಮೇಲೆ ಓ. ತೊಟ್ಟಿಲ ಕೂಸಿನ ಪರವಾಗಿ ಅದರ ತಾಯಿ, "ಮ್ಯಾಲ ಬಂದದರಿ, ಈಗ ಮಲಗ್ಯದ," ಎಂದಳು.

ಹೆಸರುಗಳು ಮುಗಿದವೆಂದು ಎಲ್ಲರ ಕೈ ರೊಟ್ಟಿಯತ್ತ ಹೊರಟಿತು.

"ತಡೀರಿ," ಎಂದಳು ಕಾಕಿ. "ಇವರದೊಂದು ಉಳೀತಲ್ಲಾ."

ಹೌದಲ್ಲ! ಎಲ್ಲರನ್ನೂ ಕೂಗುವವನನ್ನು ಕೂಗುವವರಾರು? ಗಣಿಯಲ್ಲೂ ಇಲ್ಲ, ಈ ಅಂಗಳದಲ್ಲೂ ಇಲ್ಲ. ಕಾಕಾ ಮೇಲೆ ಬಂದರೋ ಇಲ್ಲವೋ ಎಂದು ಒಬ್ಬರೂ ಕೇಳಿರಲಿಲ್ಲ. ಅವರ ದನಿಯಲ್ಲೇ ಅವರನ್ನು ಕೂಗಿದೆ: "ಸಿದ್ರಾಮಪ್ಪಾ..." ಕಾಕಾ ನನ್ನನ್ನೇ ನೋಡಿದರು. ಆಮೇಲೆ ಹಕೀಮರ ಅಪ್ಪಣೆಯನ್ನು ಮೂಲೆಗಿಟ್ಟು, ಊದುಗೊಳವೆಯಲ್ಲಿ ಗಾಳಿ ಹೊರಟಂತೆ ಓಗೊಟ್ಟರು: "ಮ್ಯಾಲ... ಬಂದೀನ್ರಿ."

ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊಗೆಯನ್ನು ಬೈದಳು. ಒಲೆ ಆಗಲೇ ಆರಿತ್ತು.

ಈ ನ್ಯಾಯದಂತೆ ಇನ್ನೂ ಒಬ್ಬ ಗಣಿಯೊಳಗೇ ಉಳಿದಿದ್ದ. ಕಾಕಾ ನನ್ನತ್ತ ಬೆರಳು ತೋರಿದರು. ಅವರ ದನಿಯಲ್ಲಿ "ಶಂಕ್ರ್ಯಾ..." ಎಂದು ಕೂಗಿಕೊಂಡೆ, ಸರಕ್ಕನೆ ನನ್ನ ದನಿಗೆ ಇಳಿದು "ಮ್ಯಾಲ ಬಂದೀನ್ರಿ" ಎಂದೆ.

ಅಪ್ಪ ರೊಟ್ಟಿ ಮುರಿಯುತ್ತ ಹುಬ್ಬು ಗಂಟಿಕ್ಕಿದ. "ಇದ್ಯಾರ ನಕಲಿನೋ? ಉಳದದ್ದೆಲ್ಲಾ ಛಲೋ ಇತ್ತು. ಇದೊಂದ ಹೊಂದಲಿಲ್ಲ ನೋಡು."

ಅದೊಂದನ್ನು ಇನ್ನೂ ರೂಢಿ ಮಾಡುತ್ತಿದ್ದೇನೆ.