ಒಗ್ಗರಣಿ ತಿಂದ್ರ್ಯಾ?

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ಮಷೀನ್ ರಿಪೇರಿಗೆ ಹೋಗಿದ್ದೆ. ಭತ್ತ ತಂದಿದ್ದ ಹುಸೇನಸಾಬರು, ಯಂಕಪ್ಪ ಬಾಜೂಕ ಕುಂತ್ರೂ ಮಾತಿಲ್ಲ. ಕಾರಣ ಏನಂದ್ರ ವಾಟ್ಸಾಪ್ ಗ್ರೂಪು. ಕಾಲುವಿ ನೀರೆಲ್ಲಾ ಮ್ಯಾಲಿನ ಹೊಲದವ್ರು ಕದ್ರು ಅಂತ 'ಗಂಗಾವತಿ ಗೆಳೆಯ' ಅನ್ನಾವ ಅದರಾಗ ದಿನಾ ಬೆಂಕಿ ಹಚ್ಚತಿದ್ದ. ಹುಸೇನಸಾಬರ ಹೊಲ ಮ್ಯಾಲ, ಯಂಕಪ್ಪಂದು ಕೆಳಗ.

"ಯಾರ್ರಿ ಅವಾ?" ಅಂದೆ.

"ನೋಡಿಲ್ರಿ. ನಮ್ಮೂರಾವನ, ಹೆಸರ ಹೇಳತೈತಲ್ಲ" ಅಂದ ಯಂಕಪ್ಪ.

ಅಷ್ಟರಾಗ ನಾಷ್ಟಾ ಬಂತು. ಮಂಡಕ್ಕಿ ನೆನಸಿ ಮಾಡಿದ ಒಗ್ಗರಣಿ (ಈ ಕಡೆ ಆ ತಿಂಡಿಗೇ ಒಗ್ಗರಣಿ ಅಂತಾರ), ಬಿಸಿ ಮಿರ್ಚಿ. ಯಂಕಪ್ಪ ತಿನಕೋತ, ಮರ್ಯಾದಿಗಂತ ಗ್ರೂಪಿನಾಗ ಗೆಳೆಯನ್ನೂ ಕೇಳಿದ: "ಒಗ್ಗರಣಿ ತಿಂದ್ರ್ಯಾ ಅಣ್ಣಾರ?"

ಕಣ್ಣು ಮುಚ್ಚಿ ತೆಗಿಯೋದ್ರಾಗ ಉತ್ತರ: "ಸಹೋದರ, ಒಗ್ಗರಣೆಯನ್ನು ಹಾಗೇ ತಿನ್ನುವುದಿಲ್ಲ, ಸಾರಿಗೆ ಸೇರಿಸುತ್ತಾರೆ. ಒಗ್ಗರಣೆ ಹಾಕುವ ವಿಧಾನ ತಿಳಿಸಲೇ?"

ಹುಸೇನಸಾಬರು ಮೊಬೈಲ್ ನೋಡಿ ಎದ್ದ ನಿಂತ್ರು. "ಯಾ ಅಲ್ಲಾ! ಗಂಗಾವತ್ಯಾಗಿದ್ದು ಒಗ್ಗರಣಿ ತಿನ್ನಲಾರದವ! ಯಂಕಪ್ಪಾ, ಇದು ಮನಷಾ ಅಲ್ಲೋ, ಎಐ!"

ಯಂಕಪ್ಪ ನಕ್ಕ ನಕ್ಕ ನೆತ್ತಿಗೇರಿಸ್ಕೊಂಡ. ನೀರಿನ ಚೆರಗಿ ಹಿಡದವ್ರು ಅದ ಹುಸೇನಸಾಬರು. ನನಗಂತೂ ನಟ್ಟು ಬಿಗಿಯೋ ಪಾನಾ ಹಿಡಕೊಂಡು ಕುಣಿಬೇಕನಿಸ್ತು! ಆ ಖುಷಿಯೊಳಗ ನನ್ನೂ ಗ್ರೂಪಿಗೆ ಸೇರಿಸ್ಕೊಂಡ್ರು.

ಮರುದಿನ ಮುಂಜಾನೆ ಮೊದಲನೇ ಮೆಸೇಜು ಆ ಗೆಳೆಯಂದ: "ಒಗ್ಗರಣಿ-ಮಿರ್ಚಿ ಆತೇನ್ರಿ ಎಲ್ಲಾರದೂ?"

ಕಲತಬಿಟ್ಟಿತ್ತು! ಈಗ ನಾವು ಅದನ್ನ ಹಿಡಿಯಾಕ ಬ್ಯಾರೆ ಶಬ್ದ ಇಟ್ಟೀವಿ. ಯಾವುದಂತ ಇಲ್ಲಿ ಬರಿಯಂಗಿಲ್ರಿ. ಇದನ್ನೂ ಅದು ಓದತೈತಿ.